ಸ್ಕಾಟ್ಲೆಂಡಿನಲ್ಲಿ ‘ಅಡ್ವೊಕೇಟ್ ಜನರಲ್’ ಅಂದರೆ ಲಂಡನ್ ಕಡೆಯ ವಕೀಲರಾ? ಯಾರಾದರೂ ಬಿಡಿಸಿ ಹೇಳಿ

ಧಾರವಾಡದ ಜೂನಿಯರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಧಾರವಾಡ ಹೈಕೋರ್ಟ್ ಪೀಠದಲ್ಲಿ ನಾಲ್ಕು ವರ್ಷ ಜೂನಿಯರ್ ಆಗಿದ್ದೆ. ನಮ್ಮ ಸೀನಿಯರ್ ಆಗ ಸರ್ಕಾರಿ ವಕೀಲರು. ಹಾಗಾಗಿ ಸರ್ಕಾರದ ಫೈಲು ಅಂದರೆ ಏನು ಅಂತ ಚೆನ್ನಾಗಿಯೇ ಗೊತ್ತು. ಇಲಾಖೆಯಿಂದ ಪ್ಯಾರಾವೈಸ್ ರಿಮಾರ್ಕ್ಸ್ (ಎದುರಿನವರ ಅರ್ಜಿಯ ಒಂದೊಂದು ಪ್ಯಾರಾಕ್ಕೂ ಇಲಾಖೆ ಬರೆದುಕೊಡಬೇಕಾದ ಉತ್ತರ) ಬಂದಿರುವುದಿಲ್ಲ, ಕೋರ್ಟು ‘ಇದೇ ಕೊನೆಯ ಅವಕಾಶ’ ಅಂತ ಮೂರನೇ ಸಲ ಹೇಳಿರುತ್ತದೆ, ಸೀನಿಯರ್ ಕಾರಿಡಾರಿನಲ್ಲಿ ನಿಂತು ಯಾವುದೋ ಕಚೇರಿಯ ಗುಮಾಸ್ತರಿಗೆ ಫೋನಿನಲ್ಲಿ ಬೈಯುತ್ತಿರುತ್ತಾರೆ.

ಮದುವೆಯಾಗಿ ಎಡಿನ್‌ಬರ್ಗ್‌ಗೆ ಬಂದು ಒಂದೂವರೆ ವರ್ಷವಾಯಿತು. ಇಲ್ಲಿ ಸರ್ಕಾರದ ಕಾನೂನು ಕೆಲಸಕ್ಕೆ ಏನಾದರೂ ದಾರಿ ಇದೆಯಾ ಅಂತ ಹುಡುಕುವಾಗ ‘ಆಫೀಸ್ ಆಫ್ ದಿ ಅಡ್ವೊಕೇಟ್ ಜನರಲ್’ ಅಂತ ಕಣ್ಣಿಗೆ ಬಿತ್ತು. ಖುಷಿಯಾಯಿತು. ನಮ್ಮಲ್ಲಿ ಎಜಿ ಅಂದರೆ ರಾಜ್ಯ ಸರ್ಕಾರದ ದೊಡ್ಡ ವಕೀಲರು ಅಲ್ವಾ, ಸಂವಿಧಾನದ 165ನೇ ವಿಧಿ. ಇಲ್ಲೂ ಹಾಗೇ ಇರಬೇಕು ಅಂದುಕೊಂಡು ಯಜಮಾನರ ಸ್ನೇಹಿತರೊಬ್ಬರ ಮುಂದೆ ಹೇಳಿದೆ. ಅವರು ಜೋರಾಗಿ ನಕ್ಕು, “ಅದು ಲಂಡನ್ ಸರ್ಕಾರದ ಆಫೀಸಮ್ಮ, ನೀವು ಎದುರು ಪಾರ್ಟಿ ಮನೆ ಬಾಗಿಲು ತಟ್ಟುತ್ತಿದ್ದೀರಿ” ಅಂದರು.

ಹೋದ ವಾರ ಪಾರ್ಲಿಮೆಂಟ್ ಹಾಲ್ ನೋಡಲು ಹೋಗಿದ್ದೆ. ಅದು ಹಳೇ ಪಾರ್ಲಿಮೆಂಟ್, ಈಗ ಕೋರ್ಟ್ ಆಫ್ ಸೆಷನ್‌ಗೆ, ಅಂದರೆ ಇಲ್ಲಿನ ದೊಡ್ಡ ಸಿವಿಲ್ ಕೋರ್ಟಿಗೆ, ಸೇರಿದ ಹಜಾರ. ಮೇಲೆ ಮರದ ತೊಲೆಗಳ ದೊಡ್ಡ ಚಾವಣಿ. ಕೆಳಗೆ ವಕೀಲರು ಇಬ್ಬಿಬ್ಬರಾಗಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಮಾತಾಡುತ್ತಾರೆ. ಯಾರೂ ನಿಲ್ಲುವುದೇ ಇಲ್ಲ. ನಿಂತರೆ ಪಕ್ಕದವರ ಕಿವಿಗೆ ಬೀಳುತ್ತದಂತೆ! ಸುಮ್ನೆ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ನೋಡಿದೆ. ಅವರಲ್ಲಿ ಸರ್ಕಾರದ ವಕೀಲರು ಯಾರು, ಯಾವ ಸರ್ಕಾರದವರು, ಒಂದೂ ತಿಳಿಯಲಿಲ್ಲ.

ಲಾರ್ಡ್ ಅಡ್ವೊಕೇಟ್ ಬೇರೆ, ಅಡ್ವೊಕೇಟ್ ಜನರಲ್ ಬೇರೆ ಅಂತಾರಲ್ಲ, ಏನು ವ್ಯತ್ಯಾಸ? ಸರ್ಕಾರ ಬದಲಾದರೆ ನಮ್ಮಲ್ಲಿ ಆಗುವ ಹಾಗೆ ಸರ್ಕಾರಿ ವಕೀಲರ ಇಡೀ ಪ್ಯಾನೆಲ್ ಬದಲಾಗುತ್ತದಾ? ನನ್ನಂಥವಳಿಗೆ ಒಳಗೆ ಹೋಗಲು ದಾರಿ ಇದೆಯಾ? ಗೊತ್ತಿದ್ದವರು ಹೇಳಿ.

ಲೀತ್ ಭಟ್ಟರು ಉತ್ತರ:

ಅವರು ಹೇಳಿದ್ದು ಸರಿ ಮೇಡಂ, ನಕ್ಕಿದ್ದು ಮಾತ್ರ ತಪ್ಪು. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವನು. ಇಲ್ಲಿಗೆ ಬಂದು ಹನ್ನೆರಡು ವರ್ಷ, ಖಾಸಗಿ ಫರ್ಮ್‌ನಲ್ಲಿ ಸಾಲಿಸಿಟರ್. ಆಗಾಗ ಸರ್ಕಾರದ ಎದುರು ನಿಲ್ಲುವ ಕೆಲಸ ಬರುತ್ತದೆ.

ಕಥೆ ಹೀಗೆ. ಲಾರ್ಡ್ ಅಡ್ವೊಕೇಟ್ ಅನ್ನುವ ಹುದ್ದೆ 500 ವರ್ಷಕ್ಕೂ ಹಳೆಯದು. 1999ರವರೆಗೆ ಸ್ಕಾಟ್ಲೆಂಡಿಗೆ ಬೇರೆ ಸರ್ಕಾರ ಇರಲಿಲ್ಲವಲ್ಲ, ಆದ್ದರಿಂದ ಅವರು ಲಂಡನ್ ಸರ್ಕಾರಕ್ಕೇ ಸ್ಕಾಟಿಷ್ ಕಾನೂನಿನ ಸಲಹೆಗಾರರು. 1998ರ ಸ್ಕಾಟ್ಲೆಂಡ್ ಆ್ಯಕ್ಟ್ ಬಂತು, ಎಡಿನ್‌ಬರ್ಗ್‌ನಲ್ಲಿ ಹೊಸ ಸರ್ಕಾರ ಬಂತು, ಲಾರ್ಡ್ ಅಡ್ವೊಕೇಟ್ ಕುರ್ಚಿ ಸಮೇತ ಆ ಕಡೆ ಹೋದರು. ಆಗ ಲಂಡನ್‌ಗೆ ಸ್ಕಾಟಿಷ್ ಕಾನೂನು ಹೇಳಿಕೊಡುವವರೇ ಇಲ್ಲವಾದರು. ಅದಕ್ಕೆ ಅದೇ ಕಾಯ್ದೆಯ 87ನೇ ಸೆಕ್ಷನ್ನಿನಲ್ಲಿ ಹೊಸದೊಂದು ಹುದ್ದೆ ಮಾಡಿದರು, ಅದೇ ಅಡ್ವೊಕೇಟ್ ಜನರಲ್ ಫಾರ್ ಸ್ಕಾಟ್ಲೆಂಡ್. ಮನೆ ಪಾಲಾದಾಗ ಹಳೇ ಗುಮಾಸ್ತ ತಮ್ಮನ ಪಾಲಿಗೆ ಹೋದ, ಅಣ್ಣ ಹೊಸಬನನ್ನು ಇಟ್ಟುಕೊಂಡ, ಅಷ್ಟೇ. ನಮ್ಮ ಲೆಕ್ಕಕ್ಕೆ ಹೆಸರುಗಳು ಅದಲುಬದಲು.

ಕೋರ್ಟಿನಲ್ಲಿ ಪಾರ್ಟಿ ಹೆಸರಿಗೂ ಇದೇ ಮೂಲ. ಸರ್ಕಾರದ ಮೇಲೆ ದಾವೆ ಹೂಡುವಾಗ ಲಾರ್ಡ್ ಅಡ್ವೊಕೇಟರನ್ನು ಪ್ರತಿವಾದಿ ಮಾಡಬಹುದು ಅಂತ 1857ರ ಒಂದು ಕಾಯ್ದೆ ಇದೆ. ಈಗ ಎಡಿನ್‌ಬರ್ಗ್ ಸರ್ಕಾರದ ಮೇಲೆ ಆದರೆ ಲಾರ್ಡ್ ಅಡ್ವೊಕೇಟ್, ಲಂಡನ್ ಸರ್ಕಾರದ ಮೇಲೆ ಆದರೆ ಅಡ್ವೊಕೇಟ್ ಜನರಲ್. ಅಂಗಡಿಗೆ ಹೋದಾಗ ಬಿಯರ್ ಬೆಲೆ ನೋಡಿರುತ್ತೀರಿ. ಮದ್ಯಕ್ಕೆ ಕನಿಷ್ಠ ಬೆಲೆ ಇಡುವ ಕಾಯ್ದೆ 2012ರಲ್ಲೇ ಪಾಸಾಗಿತ್ತು. ಸ್ಕಾಚ್ ವಿಸ್ಕಿ ಸಂಘದವರು ಕೋರ್ಟಿಗೆ ಹೋದರು, ಎದುರು ಪಾರ್ಟಿ ಲಾರ್ಡ್ ಅಡ್ವೊಕೇಟ್. ಇಲ್ಲಿಂದ ಲಕ್ಸೆಂಬರ್ಗ್‌ನ ಯುರೋಪಿಯನ್ ಕೋರ್ಟು, ಅಲ್ಲಿಂದ ವಾಪಸ್ ಎಡಿನ್‌ಬರ್ಗ್, ಆಮೇಲೆ ಲಂಡನ್‌ನ ಸುಪ್ರೀಂ ಕೋರ್ಟು. 2017ರ ನವೆಂಬರ್‌ನಲ್ಲಿ ಸರ್ಕಾರ ಗೆದ್ದಿತು. 2018ರ ಮೇ 1ಕ್ಕೆ ಆಲ್ಕೋಹಾಲಿನ ಒಂದು ಯೂನಿಟ್ಟಿಗೆ 50 ಪೆನ್ಸ್ ಅಂತ ಜಾರಿಯಾಯಿತು, 2024ರ ಸೆಪ್ಟೆಂಬರ್ ಕೊನೆಯಿಂದ 65 ಪೆನ್ಸ್. ಒಂದು ಕಾಯ್ದೆಯನ್ನು ಉಳಿಸಿಕೊಳ್ಳುವುದಕ್ಕೇ ಐದು ವರ್ಷದ ಮೇಲೆ ಹಿಡಿಯಿತು.

ದಿನದ ಕೆಲಸ ಮಾಡುವವರು ಬೇರೆ. ಸ್ಕಾಟಿಷ್ ಗವರ್ನಮೆಂಟ್ ಲೀಗಲ್ ಡೈರೆಕ್ಟರೇಟ್ ಅಂತಿದೆ. ಅವರೆಲ್ಲ ತಿಂಗಳ ಸಂಬಳದ ಸರ್ಕಾರಿ ನೌಕರರು. ಸಾಲಿಸಿಟರ್‌ಗಳೇ ಜಾಸ್ತಿ. ಆರೋಗ್ಯ, ಮೀನುಗಾರಿಕೆ, ಜಮೀನು ಅಂತ ಒಂದೊಂದು ವಿಷಯಕ್ಕೆ ಒಂದೊಂದು ತಂಡ. ಸರ್ಕಾರ ಬದಲಾದರೂ ಅವರು ಅಲ್ಲಾಡುವುದಿಲ್ಲ. ಮಸೂದೆಯ ಭಾಷೆ ಬರೆಯುವವರು ಪಾರ್ಲಿಮೆಂಟರಿ ಕೌನ್ಸಿಲ್ ಆಫೀಸಿನವರು, ಅದು ಬೇರೆಯೇ ಕಚೇರಿ. ಕೋರ್ಟ್ ಆಫ್ ಸೆಷನ್‌ನಲ್ಲಿ ನಿಂತು ವಾದ ಮಾಡುವುದಕ್ಕೆ ಹೊರಗಿನ ಅಡ್ವೊಕೇಟರನ್ನು ಕರೆಯುತ್ತಾರೆ. ನೀವು ಹಜಾರದಲ್ಲಿ ನೋಡಿದ ಓಡಾಟದ ಮಂದಿ ಇವರೇ. ಅಂದಹಾಗೆ ಇಲ್ಲಿ ‘ಅಡ್ವೊಕೇಟ್’ ಅಂದರೆ ಲಾಯರ್‌ಗಳೆಲ್ಲರೂ ಅಲ್ಲ, ಲಂಡನ್‌ನವರು ಬ್ಯಾರಿಸ್ಟರ್ ಅನ್ನುತ್ತಾರಲ್ಲ, ಅವರು ಮಾತ್ರ. ಹಾಗಾಗಿ ‘ನಾನು ಅಡ್ವೊಕೇಟ್’ ಅಂತ ಎಲ್ಲೂ ಹೇಳಿಕೊಳ್ಳಬೇಡಿ, ಮೊದಲ ವಾರ ನಾನು ಹೇಳಿಕೊಂಡು ಪೇಚಿಗೆ ಸಿಕ್ಕಿದ್ದೆ.

ನಿಜವಾದ ವ್ಯತ್ಯಾಸ ಈ ಹುದ್ದೆಗಳ ಹೆಸರಿನಲ್ಲಿಲ್ಲ, ಮಸೂದೆ ಮಂಡಿಸುವ ಮೊದಲು ನಡೆಯುವುದರಲ್ಲಿದೆ. ಇಲ್ಲಿನ ವಿಧಾನಸಭೆ ತನ್ನ ಅಧಿಕಾರ ಮೀರಿ ಕಾಯ್ದೆ ಮಾಡಿದರೆ ಅದೇ ಸ್ಕಾಟ್ಲೆಂಡ್ ಆ್ಯಕ್ಟ್‌ನ 29ನೇ ಸೆಕ್ಷನ್ ಪ್ರಕಾರ ಅದು ಕಾನೂನೇ ಅಲ್ಲ. ಆದ್ದರಿಂದ ಮಸೂದೆ ತರುವ ಮಂತ್ರಿ ‘ಇದು ನಮ್ಮ ಅಧಿಕಾರದೊಳಗೇ ಇದೆ’ ಅಂತ ಲಿಖಿತ ಹೇಳಿಕೆ ಕೊಡಬೇಕು. ಆ ಹೇಳಿಕೆಗೆ ಲಾರ್ಡ್ ಅಡ್ವೊಕೇಟ್ ಕಡೆಯಿಂದ ಒಪ್ಪಿಗೆ ಬೇಕು. 2022ರಲ್ಲಿ ಸ್ವಾತಂತ್ರ್ಯದ ಜನಮತಗಣನೆಗೆ ಮಸೂದೆ ಸಿದ್ಧವಾಗಿತ್ತು, 2023ರ ಅಕ್ಟೋಬರ್ 19 ಅಂತ ದಿನ ಕೂಡ ಹೇಳಿದ್ದರು. ಲಾರ್ಡ್ ಅಡ್ವೊಕೇಟ್ ಡೊರೊಥಿ ಬೇನ್ ಆ ಒಪ್ಪಿಗೆ ಕೊಡುವಷ್ಟು ಭರವಸೆ ತಮಗಿಲ್ಲ ಅಂದರು. ತಮ್ಮದೇ ಸರ್ಕಾರದ ಪ್ರಾಣದಂಥ ವಿಷಯ ಅದು! ಕೊನೆಗೆ ಮಸೂದೆ ಮಂಡಿಸದೆ, ತಾವೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಎದುರು ನಿಂತವರು ಅಡ್ವೊಕೇಟ್ ಜನರಲ್ ಕಡೆಯವರು. ನವೆಂಬರ್ 23ಕ್ಕೆ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ‘ಅಧಿಕಾರ ಇಲ್ಲ’ ಅಂದರು. ಅಲ್ಲಿಗೆ ಮುಗಿಯಿತು.

ಹಳೇ ಜಿಪಿ, ಬೆಂಗಳೂರು:

ಭಟ್ಟರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಓದಿದರೆ ಅಲ್ಲಿ ಎಲ್ಲ ಹಾಲು ಜೇನು, ಇಲ್ಲಿ ಎಲ್ಲ ಹಾಳು ಅನ್ನುವ ಹಾಗಿದೆ. ಜಿಪಿ, ಅಂದರೆ ಗವರ್ನಮೆಂಟ್ ಪ್ಲೀಡರ್ ಆಗಿ ಸರ್ಕಾರದ ಕಡೆ ಹನ್ನೊಂದು ವರ್ಷ ನಿಂತವನಾಗಿ ಎರಡು ಮಾತು.

ನಿಮ್ಮ ಲಾರ್ಡ್ ಅಡ್ವೊಕೇಟ್ ಸರ್ಕಾರದ ಸದಸ್ಯರೂ ಹೌದು, ಸರ್ಕಾರಕ್ಕೆ ಕಾನೂನು ಹೇಳುವವರೂ ಹೌದು, ಜೊತೆಗೆ ಇಡೀ ದೇಶದ ಕ್ರಿಮಿನಲ್ ಪ್ರಾಸಿಕ್ಯೂಷನ್‌ನ ಮುಖ್ಯಸ್ಥರೂ ಹೌದು. ಇದನ್ನು ನೀವು ಬರೆಯಲೇ ಇಲ್ಲ. ಒಬ್ಬರೇ ವ್ಯಕ್ತಿ ಮಂತ್ರಿಗೆ ಸಲಹೆ ಕೊಡುವುದು, ಅದೇ ಮಂತ್ರಿಯ ಮೇಲೆ ಕೇಸು ಬಂದರೆ ಚಾರ್ಜು ಹಾಕಬೇಕಾ ಬೇಡವಾ ಅಂತ ನಿರ್ಧರಿಸುವ ಇಲಾಖೆಗೂ ತಲೆಯಾಗುವುದು. ನಮ್ಮ ಎಜಿ ಮಂತ್ರಿಮಂಡಲದವರಲ್ಲ. ಸದನದಲ್ಲಿ ಮಾತಾಡಬಹುದು, 177ನೇ ವಿಧಿ, ವೋಟು ಮಾತ್ರ ಇಲ್ಲ. ಪ್ರಾಸಿಕ್ಯೂಷನ್ನಿಗೆ ಬೇರೆ ಇಲಾಖೆಯೇ ಇದೆ.

ಇನ್ನು ಸರ್ಕಾರ ಬದಲಾದರೆ ಎಜಿ ಬದಲು, ಎಎಜಿ (ಅಡಿಷನಲ್ ಅಡ್ವೊಕೇಟ್ ಜನರಲ್) ಬದಲು, ಪ್ಯಾನೆಲ್ ಬದಲು ಅನ್ನುವುದು ನಿಜ, ನಾನೇ ಎರಡು ಸಲ ಮನೆಗೆ ಹೋದವನು. ಶುಕ್ರವಾರ ಸಂಜೆ ಫೈಲುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟೆ, ಸೋಮವಾರ ಹೊಸಬರು ಅದನ್ನು ಬಿಚ್ಚದೆಯೇ ಕೋರ್ಟಿನಲ್ಲಿ ಸಮಯ ಕೇಳಿದರು. ನಷ್ಟ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗಂತ ಸರ್ಕಾರಕ್ಕೆ ‘ಆಗಲ್ಲ’ ಅನ್ನುವ ವಕೀಲರು ನಮ್ಮಲ್ಲಿ ಇರಲೇ ಇಲ್ಲ ಅಂದುಕೊಳ್ಳಬೇಡಿ. ಕಾವೇರಿ ವಿಷಯದಲ್ಲಿ ದಶಕಗಟ್ಟಲೆ ಕರ್ನಾಟಕದ ಪರ ನಿಂತ ಫಾಲಿ ನಾರಿಮನ್, 2016ರ ಸೆಪ್ಟೆಂಬರ್‌ನಲ್ಲಿ ಕೋರ್ಟಿನ ಆದೇಶದಂತೆ ರಾಜ್ಯ ನೀರು ಬಿಡದಿದ್ದಾಗ ಆ ನಿಲುವಿನ ಪರ ವಾದಿಸುವುದಿಲ್ಲ ಅಂದುಬಿಟ್ಟರು. ಇಲ್ಲಿ ಎಷ್ಟೋ ಜನ ಬೈದರು. ನಮ್ಮ ಕೋರ್ಟ್ ಹಾಲಿನಲ್ಲಿ ಮಾತ್ರ ಹಿರಿಯ ವಕೀಲರೆಲ್ಲ ಅವತ್ತು ಬೇರೆಯೇ ದನಿಯಲ್ಲಿ ಮಾತಾಡುತ್ತಿದ್ದರು.

ಕೇಂದ್ರದ ಜೊತೆ ಜಗಳ ಆದರೆ ನಮಗೆ 131ನೇ ವಿಧಿ ಇದೆ, ನೇರ ಸುಪ್ರೀಂ ಕೋರ್ಟಿಗೆ ದಾವೆ. ದೇವರಾಜ ಅರಸು ಕಾಲದಲ್ಲಿ, ಅವರ ಮೇಲಿನ ಆರೋಪಗಳ ತನಿಖೆಗೆ ಕೇಂದ್ರ ನೇಮಿಸಿದ ಗ್ರೋವರ್ ಆಯೋಗದ ವಿಷಯಕ್ಕೆ ಕರ್ನಾಟಕ ಹೋಗಿತ್ತು, 1977ರ ತೀರ್ಪು, ಕಾನೂನು ಓದಿದವರು ತಪ್ಪದೆ ಓದಿರುತ್ತೀರಿ. ಸೋತೆವು, ಅದು ಬೇರೆ ಮಾತು.

ಲೀತ್ ಭಟ್ಟರು:

ಸರ್, ಒಪ್ಪಿದೆ. ಎರಡು ಟೋಪಿಯ ವಿಷಯ ಬೇಕಂತ ಬಿಟ್ಟಿದ್ದಲ್ಲ, ಬರೆಯುತ್ತಾ ಉದ್ದವಾಯಿತು. ಇಲ್ಲೂ ಅದರ ಬಗ್ಗೆ ವರ್ಷಗಳಿಂದ ಚರ್ಚೆ ಇದೆ. ಪ್ರಾಸಿಕ್ಯೂಷನ್ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳಬೇಕಿಲ್ಲ ಅಂತ ಕಾಯ್ದೆಯ 48ನೇ ಸೆಕ್ಷನ್ನಿನಲ್ಲೇ ಬರೆದಿದ್ದಾರೆ. ಆದರೆ ಕಾಗದದ ಮೇಲಿನ ಗೋಡೆ ಎಷ್ಟು ಗಟ್ಟಿ ಅನ್ನುವುದು ನೋಡುವವರ ಕಣ್ಣಿಗೆ ಬಿಟ್ಟಿದ್ದು. ನನಗೆ ಕೇಳಿದರೆ ಎರಡನ್ನೂ ಬೇರೆ ಮಾಡುವುದೇ ಸರಿ. ಒಂದು ಒಳ್ಳೆಯ ಅಂಶ ಏನೆಂದರೆ, ಇವರನ್ನು ನೇಮಿಸಲೂ ತೆಗೆಯಲೂ ಫಸ್ಟ್ ಮಿನಿಸ್ಟರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಒಬ್ಬರ ಮನಸ್ಸು ಸಾಲದು, ಸದನದ ಒಪ್ಪಿಗೆ ಬೇಕು. ನಮ್ಮ ಎಜಿ ಹಾಗಲ್ಲ, ರಾಜ್ಯಪಾಲರ ಇಚ್ಛೆ ಇರುವಷ್ಟು ದಿನ, ಅಂದರೆ ಸರ್ಕಾರದ ಇಚ್ಛೆ ಇರುವಷ್ಟು ದಿನ.

ಮಸೂದೆ ಪಾಸಾದ ಮೇಲೂ ಇಲ್ಲಿ ನಾಲ್ಕು ವಾರ ಉಸಿರು ಬಿಗಿ ಹಿಡಿದು ಕೂರಬೇಕು. ಆ ಅವಧಿಯಲ್ಲಿ ಅಡ್ವೊಕೇಟ್ ಜನರಲ್ಲೋ ಲಂಡನ್‌ನ ಅಟಾರ್ನಿ ಜನರಲ್ಲೋ ಅದನ್ನು ಸುಪ್ರೀಂ ಕೋರ್ಟಿಗೆ ಕಳಿಸಬಹುದು. ಮಕ್ಕಳ ಹಕ್ಕುಗಳ ಮಸೂದೆ 2021ರ ಮಾರ್ಚ್‌ನಲ್ಲಿ ಒಂದೂ ವಿರೋಧ ವೋಟಿಲ್ಲದೆ ಪಾಸಾಗಿತ್ತು. ಆದರೂ ಕಳಿಸಿದರು, ಅಕ್ಟೋಬರ್‌ನಲ್ಲಿ ಕೆಲವು ಭಾಗ ಅಧಿಕಾರ ಮೀರಿದೆ ಅಂತ ತೀರ್ಪು ಬಂತು. ತಿದ್ದಿ ಮತ್ತೆ ಪಾಸು ಮಾಡಿ ಜಾರಿಗೆ ತರುವ ಹೊತ್ತಿಗೆ 2024ರ ಜುಲೈ.

ಅಧಿಕಾರದೊಳಗೇ ಇದ್ದರೂ ತಡೆಯುವ ದಾರಿ ಇನ್ನೊಂದಿದೆ, 35ನೇ ಸೆಕ್ಷನ್. ಲಂಡನ್ನಿನ ಸ್ಕಾಟ್ಲೆಂಡ್ ಮಂತ್ರಿ ‘ಇದಕ್ಕೆ ರಾಜಮುದ್ರೆ ಬೇಡ’ ಅಂತ ಆದೇಶ ಮಾಡಬಹುದು. ಇಪ್ಪತ್ತಮೂರು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. 2023ರ ಜನವರಿಯಲ್ಲಿ ಲಿಂಗ ಗುರುತಿನ ಮಸೂದೆಗೆ ಮೊದಲ ಸಲ ಬಳಸಿದರು. ಎಡಿನ್‌ಬರ್ಗ್ ಸರ್ಕಾರ ಕೋರ್ಟಿಗೆ ಹೋಯಿತು, ಡಿಸೆಂಬರ್‌ನಲ್ಲಿ ಸೋತಿತು, ಅಪೀಲು ಹಾಕಲಿಲ್ಲ. ನಮ್ಮಲ್ಲಿ ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗೆ ಕಾಯ್ದಿರಿಸಿ ಇಡುತ್ತಾರಲ್ಲ, ಅದರ ದೂರದ ನೆಂಟ ಅನ್ನಬಹುದು. ಆದರೆ ಇಲ್ಲಿ ವರ್ಷಗಟ್ಟಲೆ ಫೈಲಿನ ಮೇಲೆ ಕೂರುವ ಹಾಗಿಲ್ಲ. ನಾಲ್ಕು ವಾರದೊಳಗೆ ಮಾಡಬೇಕು, ಕಾರಣ ಬರೆದುಕೊಡಬೇಕು.

ಕಾರ್ಡಿಫ್ ಕನ್ನಡತಿ:

ಸ್ಕಾಟ್ಲೆಂಡಿನವರು ಸೇರಿದರೆ ವೇಲ್ಸ್ ಅನ್ನುವ ಊರಿದೆ ಅನ್ನುವುದನ್ನೇ ಮರೆಯುತ್ತಾರೆ 😊 ನಾನು ವಕೀಲೆ ಅಲ್ಲ, ಅನುವಾದದ ಕೆಲಸ. ನನಗೆ ಇಷ್ಟವಾದ ಸಂಗತಿ ಮಾತ್ರ ಹೇಳುತ್ತೇನೆ.

ಇಲ್ಲಿ ಸರ್ಕಾರದ ಕಾನೂನು ಅಧಿಕಾರಿಗೆ ಕೌನ್ಸಿಲ್ ಜನರಲ್ ಅನ್ನುತ್ತಾರೆ. ಪ್ರಾಸಿಕ್ಯೂಷನ್ ಅವರ ಕೈಯಲ್ಲಿಲ್ಲ, ಯಾಕೆಂದರೆ ಕೋರ್ಟು, ಪೊಲೀಸು ಎಲ್ಲ ಇಂಗ್ಲೆಂಡಿನ ಜೊತೆ ಒಂದೇ. ಕಾಯ್ದೆ ಮಾಡುವ ಸಭೆ ಬೇರೆ, ಅದನ್ನು ನಡೆಸುವ ಕೋರ್ಟು ಇಂಗ್ಲೆಂಡಿನ ಜೊತೆ ಹಂಚಿಕೊಂಡದ್ದು. ಇದು ಸರಿಯಲ್ಲ, ನ್ಯಾಯದ ವಿಷಯ ವೇಲ್ಸ್‌ಗೇ ಬರಬೇಕು ಅಂತ 2019ರಲ್ಲಿ ಲಾರ್ಡ್ ಥಾಮಸ್ ಆಯೋಗ ವರದಿ ಕೊಟ್ಟಿದೆ. 2011ರ ಜನಮತಗಣನೆಯಲ್ಲಿ ಪೂರ್ತಿ ಕಾಯ್ದೆ ಮಾಡುವ ಅಧಿಕಾರ ಸಿಕ್ಕ ಮೇಲೆ ಪಾಸಾದ ಮೊಟ್ಟಮೊದಲ ಮಸೂದೆ ಸ್ಥಳೀಯ ಸಂಸ್ಥೆಗಳ ಬೈಲಾ ಬಗ್ಗೆ. ಎಂಥ ಸಪ್ಪೆ ವಿಷಯ ನೋಡಿ! ಅದನ್ನೇ ಲಂಡನ್‌ನ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಎಳೆದರು. 2012ರ ನವೆಂಬರ್‌ನಲ್ಲಿ ವೇಲ್ಸ್ ಗೆದ್ದಿತು. ಅಷ್ಟರಲ್ಲಿ ಎರಡನೆಯ ಮಸೂದೆ ಮುಂದೆ ಹೋಗಿ ಮೊದಲ ಕಾಯ್ದೆ ಅನ್ನಿಸಿಕೊಂಡುಬಿಟ್ಟಿತ್ತು. ಅದು ಯಾವುದು ಗೊತ್ತಾ? ಸಭೆಯ ಅಧಿಕೃತ ಭಾಷೆಗಳ ಕಾಯ್ದೆ. ವೆಲ್ಷ್ ಭಾಷೆಯವರಿಗೆ ಹಬ್ಬ.

ಇಲ್ಲಿ ಕಾಯ್ದೆ ಎರಡು ಭಾಷೆಯಲ್ಲಿ ಪಾಸಾಗುತ್ತದೆ. ವೆಲ್ಷ್ ಪಠ್ಯ ಅನುವಾದ ಅಲ್ಲ, ಇಂಗ್ಲಿಷಿನಷ್ಟೇ ಮೂಲ, ಎರಡಕ್ಕೂ ಸಮಾನ ಬೆಲೆ ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ಸರ್ಕಾರದ ಕರಡು ಬರೆಯುವ ಕಚೇರಿಯಲ್ಲಿ ವಕೀಲರೂ ಭಾಷೆಯವರೂ ಒಟ್ಟಿಗೆ ಕೂರಲೇಬೇಕು. ಇಂಗ್ಲಿಷ್ ವಾಕ್ಯ ವೆಲ್ಷ್‌ನಲ್ಲಿ ಕೂರದಿದ್ದರೆ ಎಷ್ಟೋ ಸಲ ಇಂಗ್ಲಿಷನ್ನೇ ತಿದ್ದಬೇಕಾಗುತ್ತದೆ. ‘shall’ ಅನ್ನುವ ಒಂದು ಪದಕ್ಕೆ ತಲೆ ಕೆಡಿಸಿಕೊಂಡವರಿಗೆ ಇದರ ಸುಖ ಗೊತ್ತು. ನಮ್ಮಲ್ಲಿ? 348ನೇ ವಿಧಿಯ ಪ್ರಕಾರ ವಿಧಾನಸಭೆ ಕನ್ನಡದಲ್ಲೇ ಕಾಯ್ದೆ ಮಾಡಿದರೂ ಗೆಜೆಟ್ಟಿನ ಇಂಗ್ಲಿಷ್ ಅನುವಾದಕ್ಕೆ ಅಧಿಕೃತ ಪಠ್ಯದ ಪಟ್ಟ. ಹೈಕೋರ್ಟಿನಲ್ಲಿ ಯಾರು ಕನ್ನಡ ಪ್ರತಿ ತೆಗೆದು ಓದುತ್ತಾರೆ, ಹಳೇ ಜಿಪಿ ಸಾರ್, ನೀವೇ ಹೇಳಿ.

ಹಳೇ ಜಿಪಿ, ಬೆಂಗಳೂರು:

ಹನ್ನೊಂದು ವರ್ಷದಲ್ಲಿ ಒಂದೇ ಸಲ ಓದಿದ್ದೆ ತಾಯಿ. ಅದೂ ಇಂಗ್ಲಿಷ್ ಪ್ರತಿಯಲ್ಲಿ ಒಂದು ‘ಅಲ್ಲ’ ಬಿಟ್ಟುಹೋಗಿತ್ತು ಅಂತ. ನ್ಯಾಯಮೂರ್ತಿಗಳು ಕನ್ನಡದವರು, ನಕ್ಕು ಒಪ್ಪಿಕೊಂಡರು. ಬೇರೆಯವರಾಗಿದ್ದರೆ ದೇವರೇ ಗತಿ.

ಬೆಲ್‌ಫಾಸ್ಟ್ ರಾಯರು:

ನಮ್ಮ ಊರಿನದೂ ಸೇರಿಸಿ. ಉತ್ತರ ಐರ್ಲೆಂಡಿನ ಅಟಾರ್ನಿ ಜನರಲ್ ಮಂತ್ರಿಯೂ ಅಲ್ಲ, ರಾಜಕಾರಣಿಯೂ ಅಲ್ಲ. 2010ರಲ್ಲಿ ನ್ಯಾಯದ ವಿಷಯ ಇಲ್ಲಿನ ಸರ್ಕಾರಕ್ಕೆ ಬಂದಾಗ ಬೇರೆಯಾಗಿ ಮಾಡಿದ ಹುದ್ದೆ. ದಿನದ ವಕೀಲಿಕೆ ಡಿಪಾರ್ಟ್‌ಮೆಂಟಲ್ ಸಾಲಿಸಿಟರ್ಸ್ ಆಫೀಸು ನೋಡಿಕೊಳ್ಳುತ್ತದೆ, ಅದು ಹಣಕಾಸು ಇಲಾಖೆಯ ಕೆಳಗೆ.

ನಮ್ಮ ತಮಾಷೆ ಬೇರೆ. 2017ರ ಜನವರಿಯಿಂದ ಮೂರು ವರ್ಷ ಇಲ್ಲಿ ಸರ್ಕಾರವೇ ಇರಲಿಲ್ಲ. ಮಂತ್ರಿಗಳಿಲ್ಲ, ಆದರೆ ಸರ್ಕಾರದ ವಕೀಲರು ದಿನಾ ಆಫೀಸಿಗೆ ಬರುತ್ತಿದ್ದರು. ಯಾರ ಪರ ವಕೀಲರು ಸ್ವಾಮಿ? ಊರಾಚೆ ಕಸ ಸುಡುವ ಘಟಕಕ್ಕೆ ಇಲಾಖೆಯ ಅಧಿಕಾರಿಯೇ ಅನುಮತಿ ಕೊಟ್ಟರು. ಜನ ಕೋರ್ಟಿಗೆ ಹೋದರು. ಮಂತ್ರಿ ಇಲ್ಲದೆ ಅಧಿಕಾರಿ ಇಷ್ಟು ದೊಡ್ಡ ನಿರ್ಧಾರ ಮಾಡುವಂತಿಲ್ಲ ಅಂತ 2018ರಲ್ಲಿ ಹೈಕೋರ್ಟೂ ಅಪೀಲು ಕೋರ್ಟೂ ಹೇಳಿದವು. ಕೊನೆಗೆ ಲಂಡನ್ ಪಾರ್ಲಿಮೆಂಟೇ ಒಂದು ಕಾಯ್ದೆ ಮಾಡಿ ಅಧಿಕಾರಿಗಳಿಗೆ ನಿರ್ಧಾರ ಮಾಡುವ ಅಧಿಕಾರ ಕೊಟ್ಟಿತು. ನಮ್ಮಲ್ಲಿ ಸರ್ಕಾರ ಬಿದ್ದರೆ 356ನೇ ವಿಧಿ, ರಾಷ್ಟ್ರಪತಿ ಆಳ್ವಿಕೆ ಅಂತ ಒಂದು ಬಾಗಿಲಾದರೂ ಇದೆ.

ಧಾರವಾಡದ ಜೂನಿಯರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಭಟ್ಟರೇ, ನನ್ನ ಕೊನೆಯ ಪ್ರಶ್ನೆ ಹಾಗೇ ಉಳಿಯಿತು. ದಾರಿ ಇದೆಯಾ?

ಲೀತ್ ಭಟ್ಟರು:

ಇದೆ, ಆದರೆ ಹತ್ತಿರದ ದಾರಿ ಅಲ್ಲ. ಸ್ಕಾಟಿಷ್ ಕಾನೂನು ಇಂಗ್ಲಿಷ್ ಕಾನೂನಿಗಿಂತ ಬೇರೆ, ಆಸ್ತಿ ಕಾನೂನಂತೂ ಹೊಸದಾಗಿ ಕಲಿಯಬೇಕು. ನಮ್ಮ ಪದವಿ ತೋರಿಸಿದರೆ ನೇರವಾಗಿ ಸಾಲಿಸಿಟರ್ ಆಗುವುದಿಲ್ಲ. ಲಾ ಸೊಸೈಟಿ ಆಫ್ ಸ್ಕಾಟ್ಲೆಂಡ್‌ಗೆ ಬರೆದು, ನಿಮ್ಮ ವಕೀಲಿಕೆಯ ಅನುಭವಕ್ಕೆ ಯಾವ ಪರೀಕ್ಷೆ ಬರೆಯಬೇಕು, ಯಾವುದಕ್ಕೆ ವಿನಾಯಿತಿ ಸಿಗುತ್ತದೆ ಅಂತ ಮೊದಲು ಕೇಳಿ. ಬೆಂಗಳೂರಿನ ಬಾರ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಈಗಲೇ ತರಿಸಿಕೊಳ್ಳಿ, ಅದನ್ನು ಕೇಳಿಯೇ ಕೇಳುತ್ತಾರೆ. ಹೊಸದಾಗಿ ಓದುವುದಾದರೆ ಡಿಪ್ಲೊಮಾ, ಆಮೇಲೆ ಎರಡು ವರ್ಷದ ಟ್ರೇನಿಶಿಪ್. ಸರ್ಕಾರವೂ ಟ್ರೇನಿಗಳನ್ನು ತೆಗೆದುಕೊಳ್ಳುತ್ತದೆ. ಭಾರತದವರು ಕಾಮನ್‌ವೆಲ್ತ್ ಪ್ರಜೆಗಳು, ಆದ್ದರಿಂದ ಕೆಲಸ ಮಾಡುವ ವೀಸಾ ಇದ್ದರೆ ಸಿವಿಲ್ ಸರ್ವಿಸ್‌ನ ಬಹುಪಾಲು ಹುದ್ದೆಗೆ ಅರ್ಜಿ ಹಾಕಬಹುದು.

ಇನ್ನೊಂದು ಮಾತು, ಇದನ್ನು ನಿಮ್ಮ ಯಜಮಾನರ ಸ್ನೇಹಿತರಿಗೆ ಹೇಳಿ. ಆ ಅಡ್ವೊಕೇಟ್ ಜನರಲ್ ಆಫೀಸಿಗೆ ಸ್ವಂತ ನೌಕರರೇ ಇಲ್ಲ. ಅಲ್ಲಿರುವವರೆಲ್ಲ ಬೇರೆ ಸರ್ಕಾರಿ ಕಚೇರಿಗಳಿಂದ ಎರವಲು ಬಂದವರು, ಅದರಲ್ಲಿ ಹಲವರು ಬರುವುದು ಎಡಿನ್‌ಬರ್ಗ್ ಸರ್ಕಾರದಿಂದಲೇ! ಸ್ವಲ್ಪ ಕಾಲ ಆ ಕಡೆ, ಆಮೇಲೆ ಮತ್ತೆ ಈ ಕಡೆ.

ಧಾರವಾಡದ ಜೂನಿಯರ್:

ಅಯ್ಯೋ! ಇದನ್ನು ನಮ್ಮ ಸೀನಿಯರ್‌ಗೆ ಈಗಷ್ಟೇ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಎದುರಿನವರ ಪ್ಯಾರಾವೈಸ್ ರಿಮಾರ್ಕ್ಸೂ ಇವರೇ ಬರೀತಾರೇನು? ಲಗೂನ ಬರ್ತಿರಬೇಕು ಬಿಡು” ಅಂದರು.